ಖಾಲಿ ಬಿಡಬೇಡ ಎಂದು ಬರೆದಿದ್ದೆ

ಈ ಕೆಲಸ ನನಗೆ ಎಷ್ಟಕ್ಕೆ ಬಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಒಂದು ಒಳ್ಳೆಯ ಕಪ್ಪು ಗ್ರಾನೈಟ್ ಕಲ್ಲು ಹೋಯಿತು. ಮೂಗೂರು ಕಡೆಯಿಂದ ಬರುತ್ತಿದ್ದ ವ್ಯಾಪಾರ ನಿಂತಿತು. ಅದನ್ನೆಲ್ಲ ಹೇಗೋ ಸರಿದೂಗಿಸಿಕೊಳ್ಳಬಹುದು, ವ್ಯಾಪಾರಸ್ಥನಿಗೆ ಅದು ಹೊಸದಲ್ಲ. ಆದರೆ ಒಬ್ಬ ಮುದುಕಿಯ ಜೀವ ಹೋಗುವುದರಲ್ಲಿತ್ತು. ಇಷ್ಟಕ್ಕೂ ಕಾರಣ ನಾನು ಬರೆದಿದ್ದ ಎರಡು ಪದಗಳು: ಖಾಲಿ ಬಿಡಬೇಡ.

ನಂಜನಗೂಡಿನಲ್ಲಿ ನನ್ನದೊಂದು ಅಂಗಡಿ. ಫ್ಲೆಕ್ಸ್, ನೇಮ್ ಪ್ಲೇಟು, ಶೀಲ್ಡು, ಕಲ್ಲಿನ ಮೇಲೆ ಲೇಸರ್ ಕೊರೆತ. ಸಮಾಧಿಗೆ ಹಾಕುವ ಕಪ್ಪು ಕಲ್ಲಿನಲ್ಲಿ ತೀರಿಕೊಂಡವರ ಮುಖ ಕೊರೆಸುವುದು ಈಗ ನಮ್ಮ ಕಡೆ ಎಲ್ಲ ಹಳ್ಳಿಯಲ್ಲೂ ಇದೆ. ನಾನು ಅದರಲ್ಲೊಂದು ಹೊಸ ಮಾಲು ತಂದೆ. ಮುಖವನ್ನು ಅಕ್ಷರಗಳಲ್ಲೇ ಮೂಡಿಸುವುದು. ದೂರದಿಂದ ನೋಡಿದರೆ ಅಪ್ಪನ ಮುಖ. ಹತ್ತಿರ ಹೋದರೆ ಹಣೆ, ಕೆನ್ನೆ, ಮೂಗು ಎಲ್ಲವೂ ಅಪ್ಪ ಬದುಕಿದ್ದಾಗ ಆಡುತ್ತಿದ್ದ ಮಾತುಗಳ ಸಣ್ಣಸಣ್ಣ ಅಕ್ಷರ. ಜನ ಕಣ್ಣಲ್ಲಿ ನೀರು ತುಂಬಿಕೊಂಡು ಆರ್ಡರ್ ಕೊಡುತ್ತಿದ್ದರು.

ಆ ಟೂಲ್ ನನ್ನದಲ್ಲ. ತಿ. ನರಸೀಪುರದಲ್ಲಿ ಮನೆಯಿಂದಲೇ ಕೆಲಸ ಮಾಡುವ ಒಬ್ಬ ಪ್ರೋಗ್ರಾಮರ್ ಹೆಣ್ಣುಮಗಳು ಬರೆದದ್ದು. ಫೋಟೊ ಮತ್ತು ಮಾತು ಕೊಟ್ಟರೆ ಅಕ್ಷರದ ಚಿತ್ರ ಮಾಡಿ, ಲೇಸರ್ ಯಂತ್ರಕ್ಕೆ ಬೇಕಾದ ಫೈಲಾಗಿ ಎಕ್ಸ್‌ಪೋರ್ಟ್ ಮಾಡುತ್ತದೆ. ಅದನ್ನು ಅವಳು ಬೇರೆ ಊರಿನ ಅಂಗಡಿಗಳಿಗೂ ಮಾರಬೇಕೆಂದಿದ್ದಳು. ಅಂಗಡಿಯವರು ಯಾರು ಕೂತು ಕಮಾಂಡ್ ಹೊಡೆಯುತ್ತಾರೆ? ಅದಕ್ಕೆ ಎಐ ಏಜೆಂಟುಗಳೇ ಆ ಟೂಲನ್ನು ನಡೆಸುವ ಹಾಗಿರಬೇಕು. ಏಜೆಂಟ್ ಎಂದರೆ ನಮ್ಮ ಮಂಡಿಯ ಕಮಿಷನ್ ಏಜೆಂಟ್ ಅಲ್ಲ. ನಾವು ಬರೆದಿಟ್ಟ ಸೂಚನೆ ಓದಿಕೊಂಡು, ತಾನೇ ಇನ್ನೊಂದು ಪ್ರೋಗ್ರಾಂ ನಡೆಸಿ, ಕೆಲಸ ಮುಗಿಸಿ ವರದಿ ಕೊಡುವ ಎಐ. ಅದಕ್ಕೆ ಓದಲು ಸೂಚನೆ ಬೇಕು. ಅದನ್ನು ಬರೆಯಲು ಅವಳಿಗೆ ಪುರಸೊತ್ತಿಲ್ಲ.

ನಾನು ಅಲ್ಲೇ ಚೌಕಾಸಿಗೆ ಕೂತೆ. "ಸೂಚನೆ ನಾನ್ ಬರ್ಕೊಡ್ತೀನಮ್ಮ. ನನ್ನಂಗ್ಡಿಗೆ ಟೂಲು ಫ್ರೀ."

"ನಿಮಗೆ ಬರೆಯಕ್ ಬರುತ್ತಾ ಅಣ್ಣ?"

"ಕೆಲ್ಸದೋರ್ ಕೈಲಿ ಕೆಲ್ಸ ಮಾಡ್ಸೋನಿಗೆ ಹೇಳಕ್ ಬರಲ್ವಾ?"

ಅವಳು ನಕ್ಕಳು. "ಮನುಷ್ಯರಿಗೆ ಹೇಳೋ ಥರ ಬರೀಬೇಡಿ. ಮನುಷ್ಯ ಗೊತ್ತಾಗ್ದಿದ್ರೆ ತಲೆ ಕೆರ್ಕೊಂಡ್ ಬಂದು ಕೇಳ್ತಾನೆ. ಇದು ಕೇಳಲ್ಲ. ಗೊತ್ತಿಲ್ದಿದ್ರೂ ಮಾಡಿಬಿಡುತ್ತೆ."

ಒಳ್ಳೆಯ ಮಾತು ಹೇಳಿದ್ದಳು. ನಾನು ಆಗ ಲಾಭದ ಖುಷಿಯಲ್ಲಿದ್ದೆ.

ಬರೆಯಲು ಕೂತ ಮೇಲೆ ಗೊತ್ತಾಯಿತು. ಸೂಚನೆ ಬರೆಯುವುದು, ಅದನ್ನು ಏಜೆಂಟಿಗೆ ಕೊಡುವುದು, ಅದು ಎಲ್ಲಿ ಎಡವಿತು ನೋಡುವುದು, ಆ ಸಾಲು ತಿದ್ದುವುದು, ಮತ್ತೆ ಕೊಡುವುದು. ನಮ್ಮ ತಂದೆಯ ಫೋಟೊವನ್ನೇ ಪ್ರಯೋಗಕ್ಕೆ ಇಟ್ಟುಕೊಂಡೆ. ಮೊದಲ ಸಲ ಕಪ್ಪು ಕಲ್ಲಿನ ಸಣ್ಣ ಬಿಲ್ಲೆಯ ಮೇಲೆ ಕೊರೆಸಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಕಾಗದದ ಮೇಲೆ ಅಕ್ಷರ ಕಪ್ಪು. ಕಪ್ಪು ಕಲ್ಲಿನ ಮೇಲೆ ಲೇಸರ್ ಮುಟ್ಟಿದ ಜಾಗ ಬಿಳಿ. ಅದನ್ನು ನಾನು ಬರೆದಿರಲಿಲ್ಲ. ತಂದೆಯ ತಲೆಗೂದಲು ಬೆಳ್ಳಗೆ ಉರಿಯುತ್ತಿತ್ತು, ಕೆನ್ನೆ ಕಪ್ಪು ಗುಂಡಿ, ಕಣ್ಣಿನ ಬೊಂಬೆ ಸುಣ್ಣ ಹಚ್ಚಿದಂತೆ. ಆ ಬಿಲ್ಲೆಯನ್ನು ನನ್ನ ಹೆಂಡತಿ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. 'ಕಲ್ಲು ಕಪ್ಪಾಗಿದ್ದರೆ ಬೆಳಕು ನೆರಳನ್ನು ಅದಲುಬದಲು ಮಾಡು' ಎಂದು ಸೇರಿಸಿದೆ.

ಆಮೇಲೆ ಒತ್ತಕ್ಷರದ ಗೋಳು. 'ಅಪ್ಪ' ಎಂದು ಕೊಟ್ಟರೆ ಪ ಒಂದು ಚೌಕದಲ್ಲಿ, ಅದರ ಒತ್ತು ಪಕ್ಕದ ಚೌಕದಲ್ಲಿ ಕೂರುತ್ತಿತ್ತು. ಒತ್ತು ಸಮೇತ ಇಡೀ ಅಕ್ಷರವನ್ನು ಒಂದು ಎಂದು ಎಣಿಸುವ ಹಾಗೆ ಟೂಲನ್ನೇ ತಿದ್ದಿಸಿದೆ. ಆಮೇಲೆ ಫಾಂಟು. ಏಜೆಂಟು ಕಳಿಸಿದ ಫೈಲು ಕಂಪ್ಯೂಟರಿನಲ್ಲಿ ಚೆನ್ನ. ಲೇಸರ್ ಯಂತ್ರದಲ್ಲಿ ಆ ಫಾಂಟಿಲ್ಲ. ಮುಖದ ತುಂಬ ಖಾಲಿ ಚೌಕಗಳು, ಒಂದೂ ಅಕ್ಷರವಿಲ್ಲ. 'ಎಕ್ಸ್‌ಪೋರ್ಟಿಗೆ ಮುಂಚೆ ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸು' ಎಂದು ಬರೆದೆ. ಹೀಗೆ ಒಂದೊಂದು ಪೆಟ್ಟಿಗೆ ಒಂದೊಂದು ಸಾಲು ಹುಟ್ಟಿತು.

ಕೊನೆಗೆ ಹುಟ್ಟಿದ ಮೂರು ಸಾಲು ಗಮನವಿಟ್ಟು ಕೇಳಿ. ಮಾತು ಕಡಿಮೆಯಾದರೆ ಟೂಲು ಅರ್ಧಕ್ಕೇ ನಿಲ್ಲುತ್ತಿತ್ತು, ಮುಖ ಅರೆಬರೆ. ಅದಕ್ಕೆ 'ಖಾಲಿ ಬಿಡಬೇಡ, ಮುಖ ಪೂರ್ತಿ ತುಂಬಬೇಕು' ಎಂದು ಬರೆದೆ. ಕೊಟ್ಟ ಮಾತನ್ನೇ ಮತ್ತೆ ಮತ್ತೆ ಹಾಕು ಎಂಬುದು ನನ್ನ ತಲೆಯಲ್ಲಿತ್ತು, ಬರಹದಲ್ಲಿ ಬರಲಿಲ್ಲ. ಒಂದೇ ಮಾತು ಸಾಲಾಗಿ ಬಂದರೆ ಕೆನ್ನೆಯ ಮೇಲೆ ಪಟ್ಟೆಪಟ್ಟೆ ಕಾಣುತ್ತಿತ್ತು. ಅದಕ್ಕೆ 'ಒಂದೇ ಮಾತು ಮರುಕಳಿಸಿ ಪಟ್ಟೆ ಮೂಡಬಾರದು' ಎಂದು ಬರೆದೆ. ಇನ್ನೊಮ್ಮೆ ಏಜೆಂಟು ನಮ್ಮ ತಂದೆಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಿಬಿಟ್ಟಿತ್ತು. ಅದಕ್ಕೆ 'ಮಾತಿನ ಧಾಟಿ ಆ ಮನುಷ್ಯನದೇ ಆಗಿರಬೇಕು' ಎಂದು ಬರೆದೆ. ಒಂದೊಂದು ಸಾಲೂ ಸರಿ. ಮೂರನ್ನೂ ಒಟ್ಟಿಗೆ ಪಾಲಿಸಬೇಕಾದವನಿಗೆ ಉಳಿಯುವ ದಾರಿ ಯಾವುದು ಎಂದು ನಾನು ಯೋಚಿಸಲಿಲ್ಲ.

ಆಗ ಬಂದದ್ದು ಆ ಹೆಂಗಸು. ಮೂಗೂರು ಹತ್ತಿರದ ಒಂದು ಹಳ್ಳಿಯವಳು. ಗಂಡ ನಂಜನಗೂಡು–ನರಸೀಪುರ ಓಡಾಡುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಎದೆನೋವು ಬಂದು ತೀರಿಕೊಂಡಿದ್ದ. ನಾನೂ ಅವನ ಬಸ್ಸಿನಲ್ಲಿ ಎಷ್ಟೋ ಸಲ ಹೋದವನೇ. ಬಾಯಿ ಮುಚ್ಚಿದ್ದನ್ನು ನೋಡಿಲ್ಲ.

"ಏನೇನ್ ಮಾತಾಡೋರಮ್ಮ? ಬರ್ಸಿ."

"ರೈಟ್ ರೈಟ್ ಅನ್ನೋರು. ಒಳಕ್ ಓಗಿ ಒಳಕ್ ಓಗಿ. ಚಿಲ್ರೆ ಕೊಡಿ. ಬಾಗ್ಲಲ್ ನಿಂತ್ಕಬೇಡಿ." ಅವಳು ನಿಲ್ಲಿಸಿದಳು.

"ಇಷ್ಟೇನಾ? ಅಂಥ ಮಾತುಗಾರರು. ಮನೇಲಿ?"

"ಇಷ್ಟೇ ಕಣಣ್ಣ."

ದುಃಖದಲ್ಲಿ ನೆನಪಾಗುತ್ತಿಲ್ಲ ಎಂದುಕೊಂಡೆ. ಕೆಲಸ ಕಂಡಕ್ಟರ್, ಮನೆಯಲ್ಲಿ ತಾಯಿ, ಹೆಂಡತಿ, ಮಗಳು ಎಂದು ಸೇರಿಸಿ, ಫೋಟೊ ಜೊತೆ ಏಜೆಂಟಿಗೆ ಒಪ್ಪಿಸಿದೆ. ಫೈಲು ಬಂತು. ಜೊತೆಗೆ ವರದಿ: ಮುಖ ಪೂರ್ತಿ ತುಂಬಿದೆ, ಪಟ್ಟೆ ಇಲ್ಲ, ದೋಷ ಇಲ್ಲ.

ಕಲ್ಲು ಕೊರೆದೆ. ಎತ್ತಿ ನಿಲ್ಲಿಸಿ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದೆ. ಫ್ಲೆಕ್ಸಿನವರ ಅಭ್ಯಾಸ ಅದು. ಬೋರ್ಡು ಯಾವತ್ತೂ ರಸ್ತೆಯ ಆಚೆಯಿಂದ ಸರಿಕಾಣಬೇಕು. ಕಂಡಿತು. ಬಾಯಿ ಇನ್ನೇನು ತೆರೆದು 'ಟಿಕೇಟ್' ಎನ್ನುತ್ತದೆ ಎನ್ನುವಂತಿತ್ತು. ಹತ್ತಿರ ಹೋಗಿ ಓದಲಿಲ್ಲ. ಮನೆಯವರೂ ಓದಲಿಲ್ಲ. ಸಮಾಧಿಯ ಮೇಲೆ ನಿಲ್ಲಿಸಿ ಪೂಜೆಯಾಗುವವರೆಗೆ ಕಲ್ಲಿನ ಮುಖ ಯಾರೂ ನೋಡಕೂಡದು ಎಂಬುದು ಅವರ ಪದ್ಧತಿ. ಬಿಳಿ ಪಂಚೆ ಸುತ್ತಿ ಕಳಿಸಿದೆ.

ಸ್ವಲ್ಪ ದಿನ ಕಳೆದು ಆ ಹೆಂಗಸು ಒಬ್ಬಳೇ ಬಂದಳು. ಒಳಗೆ ಕೂತುಕೊಳ್ಳಲಿಲ್ಲ.

"ನಮ್ಮನೆಯೋರು ಆಡ್ದೆ ಇರೋ ಮಾತ ಎಲ್ಲಿಂದ ತಂದ್ರಿ?"

ನನಗೆ ಅರ್ಥವಾಗಲಿಲ್ಲ. ಅವಳು ಫೋನು ತೆಗೆದು, ಕಲ್ಲಿನ ಫೋಟೊ ದೊಡ್ಡದು ಮಾಡಿ ನನ್ನ ಮುಖಕ್ಕೆ ಹಿಡಿದಳು. ಎಡಗೆನ್ನೆಯ ಮೇಲೆ, ಕಿವಿಯ ಹತ್ತಿರ, ಸಣ್ಣ ಅಕ್ಷರದಲ್ಲಿತ್ತು: ಅವ್ವ ಬಾ, ನಿಂಗೊಂದ್ ಸೀಟ್ ಇಟ್ಟಿವ್ನಿ.

"ಮಗ್ಳು ಅಜ್ಜಿಗೆ ಓದಿ ಏಳ್‌ಬುಟ್ಳು. ಪೂಜೆ ದಿನದಿಂದ ನಮ್ಮತ್ತೆ ಉಣ್ತಿಲ್ಲ. ಮಾತ್ರೆ ಉಗೀತವ್ರೆ. ಮಗ ಸೀಟ್ ಇಡ್ಕಂಡ್ ಕಾಯ್ತವ್ನೆ, ಬಸ್ಸ ಎಷ್ಟೊತ್ ನಿಲ್ಸಾನು ಅಂತವ್ರೆ. ಈಗ ನೀರೂ ಬ್ಯಾಡ ಅಂತವ್ರೆ."

ಏಜೆಂಟು ಹೆಜ್ಜೆಹೆಜ್ಜೆಗೂ ಬರೆದಿಟ್ಟ ಲೆಕ್ಕ ತೆಗೆದು ನೋಡಿದೆ. ಮುಚ್ಚಿಟ್ಟಿರಲಿಲ್ಲ. ಕೊಟ್ಟ ಮಾತು ಹಣೆಯಲ್ಲೇ ಮುಗಿಯಿತು. ಖಾಲಿ ಬಿಡುವಂತಿಲ್ಲ. ಮರುಕಳಿಸಿದರೆ ಪಟ್ಟೆ ಬರುತ್ತದೆ. ಆದ್ದರಿಂದ ಅದೇ ಧಾಟಿಯಲ್ಲಿ ಹೊಸ ಮಾತುಗಳನ್ನು ರಚಿಸಿ ತುಂಬಲಾಗಿದೆ. ತಾಯಿಗೊಂದಿಷ್ಟು, ಹೆಂಡತಿಗೊಂದಿಷ್ಟು, ಮಗಳಿಗೊಂದಿಷ್ಟು.

ನರಸೀಪುರಕ್ಕೆ ಫೋನು ಮಾಡಿ ಕೂಗಾಡಿದೆ. ಪ್ರೋಗ್ರಾಮರ್ ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು. "ಅಣ್ಣ, ಟೂಲಿಗೆ ಏನ್ ಕೊಟ್ರೋ ಅದನ್ನ ಹಾಕಿದೆ. ಏಜೆಂಟು ನಿಮ್ಮ ಒಂದು ಸಾಲನ್ನೂ ಮೀರಿಲ್ಲ. ಮಾತು ಸಾಲದಿದ್ರೆ ನಿಂತು ಕೇಳು ಅಂತ ನೀವೆಲ್ಲೂ ಬರ್ದೇ ಇಲ್ವಲ್ಲ." ಆಮೇಲೆ ಅವಳೇ, "ನಾನೂ ಓದಿ ನೋಡ್ಬೇಕಿತ್ತು" ಎಂದಳು.

ಆ ಹೆಂಗಸು ಬಾಗಿಲಲ್ಲೇ ನಿಂತಿದ್ದಳು. ಅದು ಸುಳ್ಳು ಎಂದು ಅತ್ತೆಗೆ ಹೇಳಿ ನೋಡಿದೆಯಾ ಎಂದು ಕೇಳಿದೆ.

"ಏಳ್‌ದೆ. ಸೊಸೆಗೆ ಒಟ್ಟೆಕಿಚ್ಚು ಅಂದ್ರು." ಅವಳು ಕೌಂಟರಿಗೆ ಕೈ ಊರಿದಳು. "ನಿಮ್ ಮಿಷೀನೇ ಆಡ್ಸದ್ದು ತಾನೆ? ಇನ್ನೊಂದ್ ಮಾತ ಆಡ್ಸಿ. ಅವ್ವ ಈಗ್ ಬರ್ಬೇಡ, ಉಣ್ಣು ಅಂತ. ನಾನ್ ತಕ್ಕೊಂಡೋಗಿ ಮಗ್ಳ ಕೈಲಿ ಓದ್ಸ್ತೀನಿ."

ನಾನು ಏಜೆಂಟಿಗೆ ಹೇಳಿದೆ. ಒಂದು ಮಾತು ಕೇಳಿದರೆ ಅದು ಹಲವು ಕೊಟ್ಟಿತು. 'ಅವ್ವ, ಬಸ್ಸು ಫುಲ್ಲಾಗದೆ, ಈಗ್ ಬರ್ಬೇಡ.' 'ನೀನ್ ಉಂಡ್ಕಂಡ್ ನಿಧಾನುಕ್ ಬಾ ಕಣವ್ವ, ನಾನೆಲ್ಗೂ ಓಗಲ್ಲ.' ಓದುತ್ತಿದ್ದ ಹಾಗೆ ಆ ಬಸ್ಸಿನ ಡೀಸೆಲ್ ವಾಸನೆ ಬಂತು. ಕತ್ತಿನ ಹಿಂದೆ ಯಾರೋ ಟಿಕೇಟಿನ ಚೀಲ ಹಾಕಿಕೊಂಡು ನಿಂತ ಹಾಗಾಯಿತು. ತಿರುಗಿ ನೋಡಿದೆ, ಹೇಳಲು ನಾಚಿಕೆ ಏನು. ಫ್ಲೆಕ್ಸಿನ ಸುರುಳಿಗಳು ಒರಗಿದ್ದವು, ಅಷ್ಟೆ.

ಬಾಳು ಚೌಕಾಸಿಯಲ್ಲೇ ಕಳೆದವನು ನಾನು. ಇದು ನಡೆಯುತ್ತದೆ ಎಂದು ನನಗೆ ಗೊತ್ತಿತ್ತು, ಖಂಡಿತ ನಡೆಯುತ್ತದೆ. ಮುದುಕಿ ಉಣ್ಣುತ್ತದೆ. ಆಮೇಲೆ? ಇನ್ನೊಂದು ಮಾತು ಬೇಕಾಗುತ್ತದೆ, ಮತ್ತೊಂದು. ನಾಳೆ ಯಾರೋ ಒಬ್ಬ ಸತ್ತ ಅಪ್ಪನ ಕೈಲಿ ಜಮೀನಿನ ಮಾತು ಆಡಿಸಿಕೊಡಿ ಎಂದು ಇದೇ ಕೌಂಟರಿಗೆ ಬರುತ್ತಾನೆ. ಹಾಗಂತ ಬೇಡ ಎನ್ನುವ ಧೈರ್ಯವೂ ಇರಲಿಲ್ಲ.

"ನಾನೇ ಬಂದು ನಿಜ ಹೇಳ್ತೀನಮ್ಮ" ಎಂದೆ.

"ನಿಮ್ಗೆ ನಿಜ ದೊಡ್ದಾ, ನಮ್ಮತ್ತೆ ಜೀವ ದೊಡ್ದಾ?"

 

ವ್ಯಾಪಾರಸ್ಥ ಮಾಡುವುದನ್ನೇ ಮಾಡಿದೆ, ಎರಡೂ ಇಟ್ಟುಕೊಂಡೆ. ತಟ್ಟೆಯಗಲದ ಎರಡು ಕಪ್ಪು ಬಿಲ್ಲೆ ತೆಗೆದು, ಒಂದರಲ್ಲಿ 'ಉಂಡ್ಕಂಡ್ ನಿಧಾನುಕ್ ಬಾ' ಎನ್ನುವ ಮುಖ ಕೊರೆದೆ. ಇನ್ನೊಂದನ್ನು ಏಜೆಂಟನ್ನು ಬಿಟ್ಟು ನನ್ನ ಕೈಯಿಂದಲೇ ಟೂಲಿಗೆ ಕೊಟ್ಟೆ. ಆ ಹೆಂಗಸು ಕೊಟ್ಟಿದ್ದ ಮಾತು ಮಾತ್ರ, ಒಂದೊಂದೇ ಸಲ ಅಲ್ಲ, ಒಂದು ಟ್ರಿಪ್ಪಿನಲ್ಲಿ ಎಷ್ಟು ಸಲ ಅವನು ಕೂಗುತ್ತಿದ್ದ ಎಂದು ಅವಳನ್ನೇ ಕೇಳಿ ಅಷ್ಟು. ಟೂಲು ಮೇಲಿನಿಂದ ಕೆಳಗೆ ತುಂಬುತ್ತದೆ. ಹಣೆ ಮೂಡಿತು, ಕಣ್ಣು, ಮೂಗು. ಮೂಗಿನ ಕೆಳಗೆ ಮಾತು ಮುಗಿದು ಲೇಸರ್ ನಿಂತಿತು. ಬಾಯಿಯ ಜಾಗದಲ್ಲಿ ಕಲ್ಲಿನ ನುಣುಪು ಹಾಗೇ ಉಳಿಯಿತು. ಆ ಮುಖವನ್ನು ನೋಡಲಾಗದೆ ಪೇಪರು ಸುತ್ತಿದೆ.

ಎರಡನ್ನೂ ಚೀಲದಲ್ಲಿಟ್ಟುಕೊಂಡು ಆ ಹೆಂಗಸಿನ ಜೊತೆ ಬಸ್ಸು ಹತ್ತಿದೆ. 

ಮುದುಕಿ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿತ್ತು. ಮೈಮೇಲೆ ಶುಭ್ರವಾದ ಸೀರೆ, ಪಕ್ಕದಲ್ಲೊಂದು ಬಟ್ಟೆಯ ಗಂಟು. ಪ್ರಯಾಣಕ್ಕೆ ತಯಾರಾಗಿ ಕೂತವರ ಹಾಗೆ. ತುಟಿ ಒಡೆದಿತ್ತು.

"ನೀನೇನ್ಲಾ ಕಲ್ಲಿನೋನು?"

"ಊ ಕಣವ್ವ."

"ಒಳ್ಳೇ ಕೆಲ್ಸ ಮಾಡ್ದೆ ಬುಡು, ಮಗ. ನನ್ ಮಗ ಆಡಿದ್ದ ನಿನ್ ಕೈಲಿ ಕಳಿಸ್ದ."

"ಅವ್ವ, ಅದು ಅವ್ರ್ ಆಡಿದ್ದಲ್ಲ. ಮಿಷೀನು ಕಟ್ಟಿದ್ದು."

"ಮಿಸೀನ್ಗೆ ನಾನ್ ಇವ್ನಿ ಅಂತ ಎಂಗ್ ಗೊತ್ತಾದದು?"

"ನಾನೇ ಬರ್ದಿದ್ದೆ. ತಾಯಿ ಅವ್ರೆ ಅಂತ. ಖಾಲಿ ಬಿಡ್ಬೇಡ ಅಂತಾನೂ ನಾನೇ ಬರ್ದಿದ್ದೆ. ಅದು ತುಂಬಕ್ಕೆ ಅಂತ ಏನೋ ಒಂದ್ ತುಂಬ್ತು."

ಮುದುಕಿ ನನ್ನನ್ನೇ ನೋಡಿತು. ಕೋಪ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

"ಬಸ್ನಲ್ಲಿ ಕೂಗಿ ಕೂಗಿ ಗಂಟ್ಲು ಬಿದ್ದೋಗಿ ಬರೋನು ಕಣಪ್ಪ. ಇಕ್ಕುದ್ರೆ ಉಣ್ಣೋನು, ಮನಿಕ್ಕಳೋನು. ಅವ್ವ ಎಂಗಿದ್ದೀಯೆ ಅಂದೋನಲ್ಲ. ಕಂಡೋರ್ಗೆಲ್ಲ ಸೀಟ್ ಕೊಡ್ಸೋನು. ಸತ್ ಮೇಲಾದ್ರೂವೆ ನಂಗಂತ ಒಂದ್ ಮಾತ ಆಡುದ್ನಲ್ಲ ಅನ್ಕಂಡೆ." ಪಕ್ಕದ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಿತು. "ಅದ್ನೂ ಕಿತ್ಕಳಕ್ ಬಂದ್ಯಾ?"

ನನ್ನ ಕೈ ಚೀಲದೊಳಗೆ ಹೋಯಿತು. ಸುಳ್ಳಿನ ಬಿಲ್ಲೆ ಮೇಲೇ ಇತ್ತು. ಸೊಸೆ ಬಾಗಿಲಲ್ಲಿ ನಿಂತು, ಕೊಡಿ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಕೊಟ್ಟಿದ್ದರೆ ಆ ಮುದುಕಿ ನಗುತ್ತಿತ್ತು. ಅದರ ಮೇಲೆ ಬೆರಳಿಟ್ಟೆ. ಅವನು ಬದುಕಿದ್ದಾಗ ಆಡದ ಮಾತನ್ನು ಅವನ ತಾಯಿಗೆ ನಾನು ಎರಡನೇ ಸಲ ಮಾರಬೇಕಿತ್ತು. ಆಗಲಿಲ್ಲ. ಕೆಳಗಿನದನ್ನು ಎಳೆದು ಪೇಪರು ಬಿಚ್ಚಿ ಮುದುಕಿಯ ಮಡಿಲಲ್ಲಿಟ್ಟೆ.

ಓದಲು ಬಾರದ ಬೆರಳು ಹಣೆಯಿಂದ ಇಳಿಯಿತು. ಕೊರೆದ ಜಾಗ ತರಿತರಿ. ಮೂಗಿನ ಕೆಳಗೆ ಜಾರಿತು.

"ಇಲ್ಲೇನೂ ಇಲ್ವಲ್ಲ ಮಗ."

"ಅವ್ರ್ ಆಡಿದ್ದು ಅಷ್ಟೇ ಕಣವ್ವ. ಮಿಕ್ಕಿದ್ದ ನಾನ್ ತುಂಬ್ಲಿಲ್ಲ."

ಬೆರಳು ಆ ನುಣುಪಿನ ಮೇಲೇ ನಿಂತಿತು. ಆಚೆಮನೆಯಲ್ಲಿ ಯಾರೋ ಹಾಲಿನ ಕ್ಯಾನು ತೊಳೆಯುವ ಸದ್ದು. ಮುದುಕಿ ಬಾಯಿಲ್ಲದ ಮುಖವನ್ನು ಕಣ್ಣ ಹತ್ತಿರ ತಂದುಕೊಂಡಿತು, ದೂರ ಹಿಡಿಯಿತು.

"ಊ," ಎಂದಿತು. "ಇಂಗೇ ಇರೋನು. ಮನೇಲಿ ಇಂಗೇ ಇರೋನು." ಸೆರಗಿನಿಂದ ಬಿಲ್ಲೆಯನ್ನು ಒರೆಸಿತು. "ಅಲ್ ಗುಂಡಿ ಮೇಲ್ ನಿಲ್ಸಿದ್ದೀರಲ್ಲ, ಅದು ಬಸ್ನೋರ್ಗೆ ಸೇರ್ದೋನು. ಇದು ನಂದು."

ಆಮೇಲೆ ತಲೆ ಎತ್ತದೆ ಸೊಸೆಯನ್ನು ಕೇಳಿತು. "ಏನ್ ಮಾಡಿದ್ದೀಯೆ?"

"ಅನ್ನ, ಉಪ್ಸಾರು."

"ಒಸಿ ತೆಳ್ಳಗ್ ಕಲಸ್ಕೊಂಡ್ ಬಾ."

ಎರಡು ತುತ್ತು ಇಳಿಯಿತು. ಮಗನ ಮುಖ ಮಡಿಲಲ್ಲೇ ಇತ್ತು. ಕಣ್ಣೀರು ಅದರ ಮೇಲೆ ಬೀಳುತ್ತಿತ್ತು. ಕೊನೆಯ ಮಾತನ್ನು ಕಿತ್ತುಕೊಂಡವನು ನಾನೇ ಎನಿಸಿ ಅಲ್ಲಿ ನಿಂತಿರಲಾಗಲಿಲ್ಲ, ಹೊರಟೆ.

ಸಮಾಧಿಗೆ ಬೇರೆ ಕಲ್ಲು ಹಾಕಿಕೊಟ್ಟೆ. ಅಲ್ಲಿಗೂ ಇಂಥದೇ ಇರಲಿ ಎಂದು ಮುದುಕಿ ಆಮೇಲೆ ಹೇಳಿಕಳಿಸಿತ್ತು, ಬಾಯಿಯ ಜಾಗ ಬಿಟ್ಟೇ ಕೊರೆದೆ. ಸುತ್ತಲಿನ ಊರಿನವರು ಅದನ್ನು ನೋಡಿ ನನ್ನ ಕೆಲಸ ಕೆಟ್ಟಿತು ಎಂದರು, ಆರ್ಡರ್ ನಿಂತವು. ಮುದುಕಿ ಈಗ ಸೊರಗಿದೆ, ಆದರೆ ಉಣ್ಣುತ್ತಿದೆ. ಹಳೆಯ ಕಲ್ಲನ್ನು ಗಾಡಿಗೆ ಏರಿಸುವಾಗ ಆ ಹೆಂಗಸು ಜೊತೆಗೆ ಬಂದಳು.

"ಉಜ್ಜಿ ಬೇರೆಯೋರ್ಗೆ ಕೊಡ್ತೀರಾ ಅಣ್ಣ?"

"ಪಾಲಿಶ್ ಹಾಕಿದ್ರೆ ಹೊಸ ಕಲ್ಲೇ ಅಲ್ವೇನಮ್ಮ."

ಅವಳು ಕಲ್ಲಿನ ಬಲಗೆನ್ನೆಯನ್ನು ನೋಡುತ್ತಿದ್ದಳು. "ಅಲ್ಲಿ ನಂಗೂ ಒಂದ್ ಮಾತದೆ. ಸುಳ್ಳು ಅಂತ ಗೊತ್ತು. ಉಜ್ಜಬ್ಯಾಡಿ."

ಉಜ್ಜಲಿಲ್ಲ. ಅಂಗಡಿಯ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ. ಆ ಮಾತು ಏನು ಎಂದು ನಾನು ಓದಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಒಬ್ಬನೇ ಇದ್ದಾಗ ಆ ಕಡೆಗೆ ಬೆನ್ನು ಮಾಡಿ ಕೂರುವುದಿಲ್ಲ.

ಇಂಥ ಕೆಲಸಕ್ಕೆ ಇಳಿಯುವವರಿಗೆ ನನ್ನ ಮಾತು. ಏಜೆಂಟಿಗೆ ಏನು ಮಾಡಬೇಕು ಎಂದು ಬರೆಯುವ ಮೊದಲು, ಯಾವಾಗ ನಿಲ್ಲಬೇಕು ಎಂದು ಬರೆಯಿರಿ. ಕೊಟ್ಟದ್ದು ಸಾಲದಿದ್ದರೆ ಟೂಲು ಎಚ್ಚರಿಕೆ ಕೊಟ್ಟು ಮುಂದೆ ಹೋಗಬಾರದು, ಫೈಲನ್ನೇ ಕೊಡಬಾರದು. ನಾವು ಈಗ ಹಾಗೇ ಮಾಡಿಸಿದ್ದೇವೆ. ಎರಡು ನಿಯಮ ಬರೆದರೆ ಎರಡನ್ನೂ ಒಟ್ಟಿಗೆ ಪಾಲಿಸಿ ನೀವೇ ಒಮ್ಮೆ ಕೂತು ನೋಡಿ, ಎಲ್ಲಿಗೆ ತಳ್ಳುತ್ತವೆ ಎಂದು. 'ದೋಷ ಇಲ್ಲ' ಎಂದು ವರದಿ ಬಂದರೆ ಯಾವ ದೋಷ ಹುಡುಕಿತು ಎಂದು ಕೇಳಿ. ಗ್ರಾಹಕರು ಕೊಟ್ಟ ಮಾತು ಮತ್ತು ಯಂತ್ರ ಸೇರಿಸಿದ ಮಾತು ಎರಡಕ್ಕೂ ಬೇರೆ ಬೇರೆ ಬಣ್ಣ ಬರುವ ಹಾಗೆ ಒಂದು ಪರೀಕ್ಷೆಯ ಪ್ರತಿ ತೆಗೆಸಿ. ಅವರ ಮನೆಯ ಪದ್ಧತಿ ಏನೇ ಇರಲಿ, ಒಬ್ಬರನ್ನಾದರೂ ಒಪ್ಪಿಸಿ ಕೂರಿಸಿಕೊಂಡು ಅಕ್ಷರ ಅಕ್ಷರ ಗಟ್ಟಿಯಾಗಿ ಓದಿಸಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ, ಆರ್ಡರ್ ಹೋದರೆ ಹೋಗಲಿ.

ಮತ್ತೆ, ಯಾರಾದರೂ ಕಡಿಮೆ ಮಾತು ತಂದುಕೊಟ್ಟರೆ, ಇಷ್ಟೇನಾ ಎಂದು ಕೇಳಿ ಸುಮ್ಮನಾಗಬೇಡಿ. ಯಾಕೆ ಇಷ್ಟೇ ಎಂದು ಕೇಳಿ. ಕುರ್ಚಿ ಹಾಕಿ, ಅವರು ಹೇಳುವ ತನಕ ಕಾಯಿರಿ.